ಬಂದೂಕಿನ ಕುಂದಾಕ್ಕೆ ಕೂಡಿಸಿದ ತುಂಡು

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಪೊಲೀಸ್ ಠಾಣೆಯ ಜಮಾದಾರರೊಬ್ಬರು ನಮ್ಮ ಕಾಚಿಗುಡದ ಮನೆಗೆ ಬಂದು ಅಪ್ಪನ ಹೆಸರಿನಲ್ಲಿದ್ದ ಬಂದೂಕಿನ ವಿಷಯ ಕೇಳಿದರು. ಅಪ್ಪ ಕಂದಾಯ ಇಲಾಖೆಯಲ್ಲಿದ್ದವರು. ಆದಿಲಾಬಾದ್ ಕಡೆಯ ಕಾಡಿನ ತಾಲೂಕುಗಳಲ್ಲಿ ವಾರಗಟ್ಟಲೆ ಕ್ಯಾಂಪ್ ಮಾಡುವಾಗ ಜೊತೆಗಿರಲಿ ಎಂದು ಜೋಡು ನಳಿಗೆಯ ಬಂದೂಕೊಂದನ್ನು ಇಟ್ಟುಕೊಂಡಿದ್ದರು. ನನಗೆ ತಿಳಿದ ಮಟ್ಟಿಗೆ ಅದರಿಂದ ಒಂದು ಕಾಗೆಯನ್ನೂ ಹೆದರಿಸಿದವರಲ್ಲ. ಲೈಸೆನ್ಸ್ ಇದ್ದವರು ಹೋದ ಮೇಲೆ ಅದು ಮನೆಯಲ್ಲಿರುವಂತಿಲ್ಲ, ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ತನ್ನಿ ಎಂದು ಜಮಾದಾರರು ಮೆತ್ತಗೆ ಹೇಳಿ, ಅವ್ವ ಕೊಟ್ಟ ಚಹಾ ಕುಡಿದು ಹೋದರು.

ಮನೆಯಲ್ಲಿದ್ದವರು ನಾನು ಮತ್ತು ಅವ್ವ ಇಬ್ಬರೇ. ನನಗೆ ಆಗ ಮೂವತ್ತೆರಡು ವರ್ಷ. ಹೆಣ್ಣುಮಕ್ಕಳ ಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಮದುವೆಯ ಮಾತು ಬಂದು ಬಂದು, ಕೊನೆಗೆ ಬರುವುದೇ ನಿಂತಿತ್ತು. ಅಪ್ಪ ಹೋದ ಮೇಲೆ ಮನೆಯಲ್ಲಿ ರೇಡಿಯೋ ಹಚ್ಚುವುದಕ್ಕೂ ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ.

ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ ಬಂದೂಕನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ, ಅವ್ವನನ್ನೂ ಕರೆದುಕೊಂಡು ಆಟೋ ಹತ್ತಿದೆ. ಅಂಗಡಿ ಇದ್ದದ್ದು ನಾಂಪಲ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಒಂದು ಗಲ್ಲಿಯೊಳಗೆ. ಮಾಲೀಕರು ಮೇಜಿನ ಮುಂದೆ ಕುಳಿತು ದೊಡ್ಡ ರಿಜಿಸ್ಟರಿನಲ್ಲಿ ನಿಧಾನವಾಗಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಹಿಂದಿನ ಕಿಟಕಿಯ ಕೆಳಗೆ ಬಿಳಿ ಗಡ್ಡದ ಮುದುಕರೊಬ್ಬರು ಚಾಪೆಯ ಮೇಲೆ ಕುಳಿತು, ಮರದ ತುಂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ತಿಕ್ಕುತ್ತಿದ್ದರು. ಅಂಗಡಿಯ ತುಂಬ ಅಗಸೆ ಎಣ್ಣೆಯ ವಾಸನೆ. ಬಂದೂಕಿನ ಅಂಗಡಿಯಲ್ಲಿ ನಮ್ಮ ಅಡುಗೆಮನೆಯ ವಾಸನೆ ಬಂದದ್ದು ನೋಡಿ ಅವ್ವ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು.

"ಇಲ್ಲಿ ಯಾರೋ ಅಗಸಿ ಚಟ್ನಿ ಮಾಡಾಕತ್ತಾರೇನವಾ?"

ಮುದುಕರು ಕೈ ನಿಲ್ಲಿಸಿ ತಲೆ ಎತ್ತಿದರು. "ಯಾವೂರ ಮಂದೀರಿ ನೀವು?" ಎಂದು ನಮ್ಮ ಕನ್ನಡದಲ್ಲೇ ಕೇಳಿದರು. ಅವರು ಯಾದಗಿರಿ ಕಡೆಯವರು. ನಲವತ್ತು ವರ್ಷದ ಹಿಂದೆ ಈ ಊರಿಗೆ ಬಂದು, ಬಂದೂಕಿನ ಮರಗೆಲಸ ಮಾಡುತ್ತ ಇಲ್ಲಿಯೇ ಉಳಿದವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನೂ ಅದನ್ನೇ ಅಂದೆ.

ಅಪ್ಪನ ಬಂದೂಕನ್ನು ಮಾಲೀಕರು ಅವರ ಕೈಗೆ ಕೊಟ್ಟರು. ಅವರು ಅದರ ಹಿಂಭಾಗವನ್ನು, ಹೆಗಲಿಗೆ ಒತ್ತಿಕೊಳ್ಳುವ ಮರದ ಭಾಗವನ್ನು, ಬೆರಳಿಂದ ಸವರಿ, "ಕುಂದಾ ಭಾಳ ಚಲೋ ಐತ್ರಿ" ಎಂದರು.

"ಕುಂದಾ ಎಲ್ಲೈತ್ರಿ? ಅದು ಬೆಳಗಾವ್ಯಾಗಲ್ಲ ಸಿಗೂದು?" ಎಂದಳು ಅವ್ವ.

ಉಸ್ತಾದ್ ಕೆಮ್ಮು ಬರುವವರೆಗೆ ನಕ್ಕರು. ಬಂದೂಕಿನ ಮರಕ್ಕೆ ಕುಂದಾ ಎನ್ನುತ್ತಾರೆಂದು ನಮಗೆ ಗೊತ್ತಾದದ್ದು ಹಾಗೆ. ಅಪ್ಪ ಹೋದ ಮೇಲೆ ಅವ್ವನೂ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ರಸೀದಿ ಬರೆಯುವವರೆಗೆ ನಾನು ಉಸ್ತಾದರ ತೊಡೆಯ ಮೇಲಿದ್ದ ಕೆಲಸ ನೋಡುತ್ತ ನಿಂತೆ. ಯಾರೋ ಉದ್ದನೆಯ ಆಸಾಮಿಗೆ ಕುಂದಾ ಗಿಡ್ಡವಾಗಿತ್ತಂತೆ. ತುದಿಗೆ ಎರಡು ಅಂಗುಲದ ಹೊಸ ತುಂಡು ಕೂಡಿಸಿದ್ದರು. ಮರ ಅದೇ ಅಕ್ರೋಟು. ಕೂಡಿಸಿದ್ದು ಎಷ್ಟು ಬಿಗಿಯಾಗಿತ್ತೆಂದರೆ ಉಗುರು ಆಡಿಸಿದರೂ ಸಂದು ಸಿಗುತ್ತಿರಲಿಲ್ಲ. ಆದರೆ ಕಣ್ಣಿಗೆ ಮಾತ್ರ ಸಂದು ಎದ್ದು ಕಾಣುತ್ತಿತ್ತು. ಉಸ್ತಾದ್ ಅದನ್ನು ಎತ್ತಿ ಮಾಲೀಕರಿಗೆ ತೋರಿಸಿ, ಬಣ್ಣ ಸರಿಯಾಯಿತೇ ಎಂದು ಉರ್ದುವಿನಲ್ಲಿ ಕೇಳಿದರು. ಮಾಲೀಕರು ರಿಜಿಸ್ಟರಿನಿಂದ ಅರ್ಧ ಕಣ್ಣು ಎತ್ತಿ, ಸರಿ ಎಂದರು.

ನನಗೆ ಸುಮ್ಮನಿರಲು ಆಗಲಿಲ್ಲ. "ಇಲ್ರೀ ಉಸ್ತಾದರ. ಹೊಸಾದರಾಗ ಕೆಂಪು ಕಡಿಮಿ ಆಗೇತಿ. ಹಳೇದರಾಗ ಕೆಂಪಿನ ಕೆಳಗ ಒಂದೀಟು ಹಸರ ಐತಿ ನೋಡ್ರಿ."

ಅವರು ಕುಂದಾವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಆಮೇಲೆ ಮಾಲೀಕರ ಕಡೆ ಒಮ್ಮೆ ನೋಡಿ, ಮತ್ತೆ ಕನ್ನಡದಲ್ಲೇ ಸಣ್ಣ ದನಿಯಲ್ಲಿ ಹೇಳಿದರು: "ನನಗ ಎರಡೂ ಒಂದ ಬಣ್ಣ ಕಾಣಸ್ತಾವ್ರೀ. ಕಣ್ಣಿಗೆ ಪೊರಿ ಬಂದೈತಿ. ಇವ್ರಿಗೆ ಹೇಳಿಲ್ಲ."

ಮಾಲೀಕರಿಗೆ ಕನ್ನಡ ಬರುತ್ತಿರಲಿಲ್ಲ. ಆ ಅಂಗಡಿಯಲ್ಲಿ ಅವರು ಆ ಮಾತನ್ನು ಧೈರ್ಯವಾಗಿ ಹೇಳಬಹುದಾದದ್ದು ನಮ್ಮ ಮುಂದೆ ಮಾತ್ರ. ನಾನು ಟೀಚರ್ ಎಂದು ಅವ್ವ ಹೇಳಿದ್ದಳು. ನಮ್ಮ ಕಡೆ ಟೀಚರಿಗೆ ಅನ್ನುವ ಹಾಗೆ, "ಮುಂದಿನ ಶನಿವಾರ ಒಂದೀಟು ಬಂದು ಬಣ್ಣ ನೋಡಿ ಹೋಗ್ತೀರೇನ್ರಿ, ಅಕ್ಕೋರ?" ಎಂದು ಕೇಳಿದರು.

ಹೋದೆ. ಅದರ ಮುಂದಿನ ಶನಿವಾರವೂ ಹೋದೆ. ಮೂರನೆಯ ವಾರ ಅವ್ವ ತಡೆದಳು. "ಬಂದೂಕಿನ ಅಂಗಡ್ಯಾಗ ಗಂಡಸರ ನಡುವ ಹೋಗಿ ಕುಂದ್ರೂದಂದ್ರ? ನೋಡಿದವ್ರು ಏನಂದಾರು?" ನಾನು ವಾದ ಮಾಡಲಿಲ್ಲ, ನೀನೂ ಬಾ ಎಂದೆ. ಅವಳು ಬಂದು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಎರಡು ತಾಸು ಕುಳಿತು, ನಾನು ತೆಳ್ಳನೆಯ ಕುಂಚ ಹಿಡಿದು ಮರದ ಮೇಲೆ ಎಳೆ ಎಳೆಯುವುದನ್ನು ನೋಡಿದಳು. ಉಸ್ತಾದರಿಗೆ ಊರಿನ ಮಳೆ, ಜೋಳದ ಬೆಳೆ, ಮಗಳ ಮನೆ ಎಲ್ಲವನ್ನೂ ಕೇಳಿದಳು. ಮನೆಗೆ ಬಂದು, "ಹೋಗು. ಅಲ್ಲಿ ಇದ್ದಾಗ ನಿನ್ನ ಮಾರಿ ಬ್ಯಾರೇನ ಇರ್ತೈತಿ" ಎಂದಳು. ಆಮೇಲೆ ಅವಳು ಯಾರ ಮಾತಿಗೂ ಕಿವಿ ಕೊಡಲಿಲ್ಲ. ಶನಿವಾರದ ಡಬ್ಬಿಯಲ್ಲಿ ಉಸ್ತಾದರಿಗೆಂದು ಎರಡು ರೊಟ್ಟಿ ಹೆಚ್ಚೇ ಇರುತ್ತಿದ್ದವು.

ನಾನು ಬಂದೂಕು ಮುಟ್ಟುತ್ತಿರಲಿಲ್ಲ. ಕಬ್ಬಿಣದ ಭಾಗಗಳನ್ನೆಲ್ಲ ಬಿಚ್ಚಿ ಮಾಲೀಕರು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ನಮ್ಮ ಚಾಪೆಗೆ ಬರುತ್ತಿದ್ದದ್ದು ಮರ ಮಾತ್ರ. ಬರೀ ಮರವಷ್ಟೇ ಕೈಯಲ್ಲಿದ್ದಾಗ ಅದು ಏನಕ್ಕೆ ಸೇರಿದ್ದೆಂಬುದೇ ಮರೆತುಹೋಗುತ್ತಿತ್ತು.

ಕಲಿಯುವುದಕ್ಕೆ ಬೇಕಾದಷ್ಟಿತ್ತು. ಕುಂದಾ ಎಲ್ಲಾದರೂ ಬಿದ್ದು ತಗ್ಗಾಗಿದ್ದರೆ ಅದನ್ನು ತುಂಬಬಾರದು. ಒದ್ದೆ ಬಟ್ಟೆ ಹಾಸಿ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ, ಉಗಿ ಕುಡಿದು ಮರ ತಾನೇ ಉಬ್ಬಿ ಮೇಲೆ ಬರುತ್ತದೆ. ಮೊದಲ ಸಲ ಅದನ್ನು ಕಣ್ಣಾರೆ ನೋಡಿದಾಗ ನಾನು ಸ್ಕೂಲಿನ ಹುಡುಗಿಯರ ಹಾಗೆ ಚಪ್ಪಾಳೆ ತಟ್ಟಿದ್ದೆ. ಬಣ್ಣಕ್ಕೆ ಅವರು ಬಳಸುತ್ತಿದ್ದದ್ದು ರತನ್‌ಜೋತ್ ಬೇರು. ಅಡುಗೆಯಲ್ಲಿ ಸಾರಿಗೆ ಕೆಂಪು ಬರಲೆಂದು ಹಾಕುತ್ತಾರಲ್ಲ, ಅದೇ. ಅದನ್ನು ಅಗಸೆ ಎಣ್ಣೆಯಲ್ಲಿ ನೆನೆಹಾಕಿ ಬಿಸಿಲಿಗಿಟ್ಟರೆ ಎಣ್ಣೆ ದಾಳಿಂಬೆಯ ಬಣ್ಣಕ್ಕೆ ತಿರುಗುತ್ತದೆ. ಆ ಎಣ್ಣೆಯನ್ನು ಅಂಗೈಯಲ್ಲಿ ನಾಲ್ಕೇ ಹನಿ ತೆಗೆದುಕೊಂಡು ಮರ ಬೆಚ್ಚಗಾಗುವವರೆಗೆ ತಿಕ್ಕಬೇಕು. ಒಂದು ಕೈ ಹಚ್ಚಿದ್ದು ಪೂರ್ತಿ ಒಣಗುವವರೆಗೆ ಎರಡನೆಯ ಕೈ ಹಚ್ಚುವಂತಿಲ್ಲ. ನನ್ನ ಅವಸರ ಎಷ್ಟೋ ಸಲ ಮರವನ್ನು ಅಂಟಂಟು ಮಾಡಿ, ಎಲ್ಲ ಕೆರೆದು ಮತ್ತೆ ಮೊದಲಿಂದ ಶುರು ಮಾಡಿಸಿತು.

ಕೂಡಿಸಿದ ತುಂಡನ್ನು ಹಳೆಯ ಮರದೊಳಗೆ ಕರಗಿಸುವುದನ್ನು ಅವರು ನನಗೆ ಹೀಗೆ ಹೇಳಿಕೊಟ್ಟರು: "ಸಂದು ಮುಚ್ಚಾಕ ಹೋಗಬ್ಯಾಡ್ರಿ ಅಕ್ಕೋರ. ಮುಚ್ಚಿದಷ್ಟು ಕಾಣ್ತೈತಿ. ಹಳೇ ಮರದಾಗಿನ ಎಳಿ ಹಿಡಕೊಂಡು ಹೊಸಾದರೊಳಗ ದಾಟಿಸ್ರಿ. ನೋಡಾವ್ರ ಕಣ್ಣು ಎಳಿ ಜೋಡಿ ಹೊಂಟುಬಿಡ್ತೈತಿ." ಹನ್ನೊಂದು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ್ದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮಸಿಯಲ್ಲಿ ಅದ್ದಿದ ಎರಡು ಕೂದಲಿನ ಕುಂಚದಿಂದ ಒಂದೊಂದೇ ಎಳೆಯನ್ನು ಸಂದಿನಾಚೆ ಒಯ್ಯುವಾಗ ಉಸಿರು ಬಿಗಿಹಿಡಿಯುತ್ತಿದ್ದೆ.

ಹೀಗೆ ಎರಡು ವರ್ಷ ನಡೆಯಿತು. ಬಿಗಿಯಾಗಿ ಕೂಡಿಸುವುದು ಅವರ ಬೆರಳು, ಬಣ್ಣ ನನ್ನ ಕಣ್ಣು. ಆದರೆ ಅವರ ಪೊರೆ ಬಲಿಯುತ್ತ ಬಂತು. ಒಮ್ಮೆ ಚಹಾದ ಗ್ಲಾಸು ಎಂದು ಪಾಲಿಶಿನ ಗ್ಲಾಸಿಗೆ ಕೈಹಾಕಿದರು. ಅವತ್ತು ಅವ್ವ ಅಲ್ಲಿಯೇ ಇದ್ದಳು. "ಉಸ್ತಾದರ, ನಾಳಿಗೇ ದವಾಖಾನಿಗೆ ಹೋಗೂದು. ನಿಮ್ಮ ಮಗಳಿಗೆ ಕಾಗದ ನಾ ಬರಸ್ತೀನಿ" ಎಂದು ಗದರಿಸಿಯೇ ಹೇಳಿದಳು. ಅವರಿಗೆ ಆಪರೇಷನ್ನಿನ ಭಯ. ಇದ್ದದ್ದೂ ಹೋದರೆ ಎಂಬ ಚಿಂತೆ. ಮಗಳು ಯಾದಗಿರಿಯಿಂದ ಬಂದಳು, ಸರ್ಕಾರಿ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋಗುವ ಮೊದಲು ಅವರೇ ಮಾಲೀಕರಿಗೆ ನಿಜ ಹೇಳಿದರಂತೆ. ಮಾಲೀಕರು, "ಎರಡು ವರ್ಷದಿಂದ ಆ ಟೀಚರಮ್ಮ ಯಾಕೆ ಬರುತ್ತಾರೆ ಎಂದುಕೊಂಡಿದ್ದೀರಿ? ನನಗೆ ಗೊತ್ತಿರಲಿಲ್ಲವೇ?" ಎಂದರಂತೆ.

ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು ಅವರು ಮತ್ತೆ ಚಾಪೆಗೆ ಬಂದ ದಿನ ನಾನು ಸಂಭ್ರಮದಲ್ಲಿದ್ದೆ. ಎರಡು ವರ್ಷ ಅವರು ನನ್ನ ಕೆಲಸವನ್ನು ಬೆರಳಿಂದ ಮಾತ್ರ ನೋಡಿ ಹೊಗಳಿದ್ದರು. ಇನ್ನೂ ಅಂಗಡಿಯಲ್ಲಿಯೇ ಇದ್ದ ನನ್ನ ಮೂರು ಕುಂದಾಗಳನ್ನು ಅವರ ಮುಂದೆ ಸಾಲಾಗಿಟ್ಟೆ. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಅಲ್ರೀ ಅಕ್ಕೋರ," ಎಂದರು, "ಇಷ್ಟು ಕೆಂಪು? ಇದು ಬಂದೂಕೋ, ಮದಿಮಗಳೋ?"

ಅಳುವೇ ಬಂತು ಎಂದರೂ ಸುಳ್ಳಲ್ಲ. ಅವರು ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದರು. "ಕುಂದರ್ರಿ. ಈಗ ನನಗೂ ಕಾಣ್ತೈತಿ, ನಿಮಗೂ ಕಾಣ್ತೈತಿ. ಈಗ ಕಲಿಯೂಣು." ಮೂರನ್ನೂ ಕೆರೆದು ಮೊದಲಿಂದ ಮಾಡಿದೆವು. ನಾನು ನಿಜವಾಗಿ ಕೆಲಸ ಕಲಿತದ್ದು ಆಮೇಲೆಯೇ. ಎರಡು ವರ್ಷ ಹೊಗಳಿಸಿಕೊಂಡ ಮೇಲೆ ಒಬ್ಬರು ಕೂರಿಸಿಕೊಂಡು ನಿಜ ಹೇಳಿ, ಹೇಳಿದ ಮೇಲೆ ಜೊತೆಗೇ ಕುಳಿತು ತಿದ್ದಿಸುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ಅದಾಗಿ ಮುಂದಿನ ಬೇಸಿಗೆಗೆ ಬೇಗಂಪೇಟೆಯಿಂದ ಒಬ್ಬರು ಬಂದರು. ತೆಲುಗಿನವರು, ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಆರು ಅಡಿ ಮೀರಿದ ಆಳು. ಅವರ ಬಂದೂಕಿನ ಕುಂದಾ ನೋಡಿದರೆ ಮಕ್ಕಳ ಆಟಿಕೆಗೆ ಇರುವಷ್ಟು ಗಿಡ್ಡ. ಜೊತೆಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಇನ್ನೊಂದು ಗಂಟು ತಂದಿದ್ದರು. ಬಿಚ್ಚಿದರೆ ಅದೇ ಕುಂದಾದಿಂದ ಕೊಯ್ದು ತೆಗೆದ ತುದಿಯ ತುಂಡು.

ಅವರು ನಿಂತೇ ಕಥೆ ಹೇಳಿದರು. ಎಂಟೊಂಬತ್ತು ವರ್ಷದವರಿದ್ದಾಗ ತಂದೆಯ ಬಂದೂಕು ಹಿಡಿಯಬೇಕೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟಿದ್ದರಂತೆ. ತಂದೆ ಬಡಗಿಯನ್ನು ಕರೆಸಿ ಕುಂದಾ ಕೊಯ್ಯಿಸಿ ಮಗನ ಅಳತೆಗೆ ಮಾಡಿಸಿಕೊಟ್ಟರು. ಮನೆಯವರೆಲ್ಲ ಬೈದರು. ಇವನ ಹಟಕ್ಕೆ ವಿಲಾಯತಿ ಬಂದೂಕು ಹಾಳಾಯಿತು ಎಂದು ಚಿಕ್ಕಪ್ಪಂದಿರು ವರ್ಷಗಟ್ಟಲೆ ಆಡಿದರು. ಇವರಿಗೆ ಹದಿನಾಲ್ಕಾಗುವ ಹೊತ್ತಿಗೆ ತಂದೆ ಹೋದರು. ಬಂದೂಕು ಹಜಾರದ ಗೋಡೆಯ ಮೇಲೆ ತೂಗಿಕೊಂಡೇ ಉಳಿಯಿತು. ಕೊಯ್ದ ತುಂಡು ಮೊನ್ನೆ ತಾಯಿಯ ಟ್ರಂಕಿನ ಅಡಿಯಲ್ಲಿ ಸಿಕ್ಕಿತಂತೆ.

"ಇದನ್ನೇ ಕೂಡಿಸಿಕೊಡಿ. ಹೊಡೆಯುವುದಕ್ಕಲ್ಲ. ಹಾಳು ಮಾಡಿದ್ದನ್ನು ಸರಿಮಾಡಿ ಇಡಬೇಕು ಅಷ್ಟೇ" ಎಂದರು.

ಕೆಲಸ ಸುಲಭದ್ದಾಗಿರಲಿಲ್ಲ. ಗೋಡೆಯ ಮೇಲೆ ಬೆಳಕಿಗಿದ್ದ ಮರ ಜೇನಿನ ಬಣ್ಣಕ್ಕೆ ಇಳಿದಿತ್ತು, ಟ್ರಂಕಿನ ಕತ್ತಲಲ್ಲಿದ್ದ ತುಂಡು ಕಪ್ಪು ಖರ್ಜೂರದ ಹಾಗಿತ್ತು. ಒಂದೇ ಮರ, ಎರಡು ಬಣ್ಣ. ಅದೂ ಅಲ್ಲದೆ ಅವರ ತೋಳಿಗೆ ಹಳೆಯ ಉದ್ದವೂ ಸಾಲದು. ನಡುವೆ ಒಂದು ಅಂಗುಲದ ಹೊಸ ಬಿಲ್ಲೆ ಸೇರಿಸಬೇಕಾಗಿತ್ತು. ಅಂದರೆ ಎರಡು ಸಂದು. ಅಕ್ರೋಟು ಬಿಸಿಲಿಗೆ ತಿಳಿಯಾಗುತ್ತದೆಂದು ಉಸ್ತಾದ್ ಹೇಳಿ, ತುಂಡನ್ನು ಸ್ವಚ್ಛ ಮಾಡಿ ನಮ್ಮ ಮಾಳಿಗೆಯ ಮೇಲೆ ಬಿಸಿಲಿಗಿಡಲು ನನಗೆ ಕೊಟ್ಟರು.

ನನಗೆ ಅವತ್ತು ಅವಸರ. ಮನೆಯಲ್ಲಿ ಪರೀಕ್ಷೆಯ ಹಾಳೆಗಳ ಕಟ್ಟು ಕಾಯುತ್ತಿತ್ತು. ಅಲ್ಲಿಯೇ ಚಾಪೆಯ ಮೇಲೆ ಕುಳಿತು, ತುಂಡಿನ ಕೊಯ್ದ ಮುಖದ ಮೇಲಿದ್ದ ಹಳೆಯ ಜಿಡ್ಡು ಹೋಗಲೆಂದು ಮರಳು ಕಾಗದದ ಮೇಲೆ ನಾಲ್ಕು ಸಲ ಎಳೆದೆ. ಕಾಗದದ ಮೇಲೆ ಬಿದ್ದ ಪುಡಿ ಮರದ ಪುಡಿಗಿಂತ ಕಪ್ಪಗಿತ್ತು. ತಿರುಗಿಸಿ ನೋಡಿದೆ. ಆ ಮುಖದ ಮೇಲೆ ಪೆನ್ಸಿಲಿನಿಂದ ಏನೋ ಬರೆದಿತ್ತು. ಮೇಲಿನ ಸಾಲು ಪೂರ್ತಿ ಅಳಿಸಿಹೋಗಿತ್ತು. ಕೆಳಗಿನ ಸಾಲು ಉಳಿದಿತ್ತು. ತೆಲುಗು ಅಕ್ಷರ ನನಗೆ ಓದಲು ಬರುತ್ತದೆ. "ಪೆದ್ದವಾಡಯ್ಯಾಕ ಮಳ್ಳೀ ಅತಿಕಿಂಚಾಲಿ." ದೊಡ್ಡವನಾದ ಮೇಲೆ ಮತ್ತೆ ಕೂಡಿಸಬೇಕು.

ಉಸ್ತಾದರಿಗೆ ತೋರಿಸಿ ಓದಿ ಹೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿದರು. ಮೆಲ್ಲಗೆ ಹೇಳಿದರು: "ಅವ್ರಿಗೆ ಈ ಬರಹ ಇರೂದು ಗೊತ್ತಿದ್ದಂಗ ಕಾಣೂದಿಲ್ಲ. ಕೂಡಿಸಿಬಿಟ್ರ ಯಾರಿಗೂ ತಿಳಿಯೂದಿಲ್ಲ."

"ಹಂಗ ಮಾಡೂಣೇನ್ರಿ?" ಎಂದೆ. ನನಗೆ ಹೌದೆನ್ನಿಸಿಕೊಳ್ಳುವ ಆಸೆಯೇ ಇತ್ತು.

"ನಿಮಗ ನಿದ್ದಿ ಹತ್ತತೈತೇನು?"

"ಇಲ್ರಿ."

"ನನಗೂ ಹತ್ತೂದಿಲ್ಲ. ಏಳ್ರಿ, ಹೋಗೂಣು."

ತುಂಡನ್ನು ನನ್ನ ಜೋಳಿಗೆಯಲ್ಲಿಟ್ಟುಕೊಂಡು ಇಬ್ಬರೂ ಬೇಗಂಪೇಟೆಯ ಬಸ್ಸು ಹತ್ತಿದೆವು. ನನಗೆ ಹೆಂಗಸರ ಸೀಟು ಸಿಕ್ಕಿತು. ಉಸ್ತಾದ್ ಪಕ್ಕದಲ್ಲಿ ಕಂಬ ಹಿಡಿದು ನಿಂತು, ಏನು ಹೇಳಬೇಕೆಂದು ದಾರಿಯುದ್ದಕ್ಕೂ ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ವಿಮಾನವೊಂದು ತಲೆಯ ಮೇಲೆ ತೀರ ಕೆಳಗೆ ಇಳಿದುಹೋದಾಗಲೂ ಅವರು ಮೇಲೆ ನೋಡಲಿಲ್ಲ.

ಆ ಮನೆಯ ಹಜಾರದಲ್ಲಿ ಗೋಡೆಯ ಮೇಲೆ ಖಾಲಿ ಗೂಟಗಳೆರಡು ಇದ್ದವು. ಅವರು ಬನಿಯನ್ನಿನ ಮೇಲೆ ಟವೆಲ್ ಹೊದ್ದುಕೊಂಡು ಬಂದು, ನಮ್ಮನ್ನು ನೋಡಿ ಆಶ್ಚರ್ಯದಿಂದ ಕೂರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಉಸ್ತಾದ್ ಉರ್ದುವಿನಲ್ಲಿ, "ಸಾಬ್, ನನ್ನಿಂದ ಒಂದು ತಪ್ಪಾಯಿತು" ಎಂದು ಶುರುಮಾಡಿದರು.

"ಅವರದಲ್ಲ, ನನ್ನದು" ಎಂದು ನಾನು ತೆಲುಗಿನಲ್ಲಿ ಹೇಳಿದೆ. "ನೋಡದೆ ಉಜ್ಜಿಬಿಟ್ಟೆ. ನಿಮ್ಮ ತಂದೆ ಬರೆದ ಒಂದು ಸಾಲು ನನ್ನ ಕೈಯಿಂದ ಅಳಿಸಿಹೋಯಿತು." ತುಂಡನ್ನು ಅವರ ಕೈಗೆ ಕೊಟ್ಟೆ.

ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಬೆನ್ನು ನಮ್ಮ ಕಡೆಗಿತ್ತು. ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದು ಇಟ್ಟರು. ನಾವಿಬ್ಬರೂ ಲೋಟ ಮುಟ್ಟಲಿಲ್ಲ.

ತಿರುಗಿದಾಗ ಅವರ ಕಣ್ಣು ತುಂಬಿತ್ತು. "ಅಮ್ಮಾ, ಇದು ನಾನ್ನ ಅಕ್ಷರ" ಎಂದರು. ನಾನ್ನ ಎಂದರೆ ಅಪ್ಪ. "ಐವತ್ತು ವರ್ಷ ಆಯಿತು, ಈ ಬಂದೂಕು ನನ್ನ ಹಟದಿಂದ ಕೆಟ್ಟಿತು ಎಂದೇ ತಿಳಿದಿದ್ದೆ. ಅವರ ಮನಸ್ಸಿನಲ್ಲಿ ಕೆಡಿಸಿದ್ದು ಅಂತ ಇರಲೇ ಇಲ್ಲ. ನಾನು ಬೆಳೆಯುವವರೆಗೆ ತೆಗೆದಿಟ್ಟಿದ್ದರು, ಅಷ್ಟೇ."

"ಮೇಲಿನ ಸಾಲು…" ಎಂದೆ.

"ಹೋಗಲಿ ಬಿಡಮ್ಮಾ. ತಾರೀಕು ಇದ್ದಿರಬಹುದು. ನನ್ನ ಹೆಸರು ಇದ್ದಿರಬಹುದು. ಗಂಟು ಬಿಚ್ಚಿ ನಾನೂ ಇದನ್ನು ನೋಡಿದ್ದೆನಲ್ಲ, ಈ ಮುಖ ತಿರುಗಿಸಿ ನೋಡಬೇಕು ಅನ್ನಿಸಿತೇ? ನೀವು ಹೇಳದೆ ಕೂಡಿಸಿದ್ದರೆ ಇದೂ ಗೊತ್ತಾಗುತ್ತಿರಲಿಲ್ಲ." ಆಮೇಲೆ ಮಜ್ಜಿಗೆಯ ಲೋಟಗಳನ್ನು ತಾವೇ ಎತ್ತಿ ನಮ್ಮ ಕೈಗೆ ಕೊಟ್ಟರು.

ಮೇಲಿನ ಸಾಲಿನಲ್ಲಿ ಏನಿತ್ತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ನೋವು ನನ್ನಿಂದ ಪೂರ್ತಿ ಹೋಗಿಲ್ಲ. ಆದರೆ ಬೈಯುವ ಎಲ್ಲ ಅಧಿಕಾರವಿದ್ದ ಮನುಷ್ಯ ಮಜ್ಜಿಗೆ ಕೊಟ್ಟದ್ದು ಅದರ ಜೊತೆಗೇ ನೆನಪಾಗುತ್ತದೆ.

ಬರಹವನ್ನು ಉಳಿಸಿಯೇ ಕೂಡಿಸಬೇಕೆಂದು ಅವರು ಕೇಳಿದರು. ಅದಕ್ಕೆ ಉಸ್ತಾದ್ ದಾರಿ ಹುಡುಕಿದರು. ನಡುವೆ ಬರುವ ಹೊಸ ಬಿಲ್ಲೆಯ ಮುಖದಲ್ಲಿ, ಬರಹ ಬರುವ ಜಾಗಕ್ಕೆ ಸರಿಯಾಗಿ, ತೆಳ್ಳಗೆ ಒಂದು ತಗ್ಗು ಕೆತ್ತಿದರು. ಅಂಚಿಗೆ ಮಾತ್ರ ಅಂಟು, ಗಟ್ಟಿಯಾಗಿ ನಿಲ್ಲಲು ಒಳಗೆ ಎರಡು ಮರದ ಗೂಟ. ಅಕ್ಷರಕ್ಕೆ ಅಂಟೂ ತಾಗುವುದಿಲ್ಲ, ಮರವೂ ಒತ್ತುವುದಿಲ್ಲ.

ಅದಕ್ಕೂ ಮೊದಲು ತುಂಡು ಹನ್ನೊಂದು ದಿನ ನಮ್ಮ ಮಾಳಿಗೆಯ ಮೇಲಿತ್ತು. ಬರಹದ ಮುಖಕ್ಕೆ ದಪ್ಪ ಕಾಗದ ಕಟ್ಟಿ, ಉಳಿದದ್ದನ್ನು ಬಿಸಿಲಿಗೆ ಬಿಟ್ಟಿದ್ದೆ. ನಾನು ಪರೀಕ್ಷೆಯ ಡ್ಯೂಟಿಗೆ ಹೋದಾಗ ಅವ್ವ ಹಪ್ಪಳ ತಿರುವಿಹಾಕುವ ಕೈಯಲ್ಲೇ ಅದನ್ನೂ ತಾಸಿಗೊಮ್ಮೆ ತಿರುವಿಹಾಕುತ್ತಿದ್ದಳು. ಸಂಜೆ ನಾನು ಬಂದ ಕೂಡಲೇ ವರದಿ: "ಈ ಕಡಿ ಚಲೋ ತಿಳಿ ಆಗೇತಿ. ಆ ಮಗ್ಗಲ ಇನ್ನೂ ಎರಡು ಬಿಸಿಲ ಬೇಕು." ಅವಳು ಹೇಳಿದ್ದು ಒಂದು ದಿನವೂ ತಪ್ಪಲಿಲ್ಲ.

ಅಂಟು ಹಚ್ಚುವ ದಿನ ಬೇಗಂಪೇಟೆಯವರು ತಾವೇ ಬಂದರು. ಪೆನ್ಸಿಲ್ ಕೇಳಿದರು. ನನ್ನ ಜಡೆಗೆ ಸಿಕ್ಕಿಸಿಕೊಂಡಿದ್ದ ಡ್ರಾಯಿಂಗ್ ಪೆನ್ಸಿಲ್ ಕೊಟ್ಟೆ. ಉಸ್ತಾದ್ ಕೆತ್ತಿದ ತಗ್ಗಿನಲ್ಲಿ ಏನೋ ಎರಡು ಸಾಲು ಬರೆದರು. ತೆಲುಗು ಓದಲು ಬರುವ ನಾನು ಕಿಟಕಿಯಾಚೆ ನೋಡುತ್ತ ನಿಂತೆ. ಉಸ್ತಾದ್ ಎರಡೂ ಮುಖಗಳನ್ನು ಕೂಡಿಸಿ, ಶಿಕಂಜಾದ ತಿರುಪು ತಿರುಗಿಸಿ ಬಿಗಿದು, ಮೇಲೆ ಉಕ್ಕಿದ ಅಂಟನ್ನು ಒರೆಸಿದರು.

ಬಣ್ಣಕ್ಕೆ ಮೂರು ವಾರ ಹಿಡಿಯಿತು. ಜೇನಿನ ಬಣ್ಣದಿಂದ ಶುರುವಾಗಿ ಬಿಲ್ಲೆಯ ಮೇಲೆ ಹಾಯ್ದು ತುದಿಯ ತುಸು ಗಾಢ ಬಣ್ಣಕ್ಕೆ ಸೇರಬೇಕು, ಎಲ್ಲಿ ಬದಲಾಯಿತೆಂದು ತಿಳಿಯಬಾರದು. ಎಳೆಗಳನ್ನು ಹತ್ತು ಸಲ ಎಳೆದು ಹತ್ತು ಸಲ ಒರೆಸಿದೆ. ಈ ಸಲ ಉಸ್ತಾದ್ ಪಕ್ಕದಲ್ಲಿ ಕುಳಿತು ಆ ದಪ್ಪ ಕನ್ನಡಕದಿಂದ ಪ್ರತಿ ಎಳೆಯನ್ನೂ ನೋಡಿದರು. "ಕೆಂಪು?" ಎಂದು ನಾನು ಕೇಳುವುದು, "ಸಾಕು" ಎಂದು ಅವರು ಅನ್ನುವುದು.

ಬೇಗಂಪೇಟೆಯವರು ಬಂದು ಬಂದೂಕನ್ನು ಹೆಗಲಿಗೆ ಹಿಡಿದಾಗ ಅದು ಅವರ ದೊಡ್ಡ ಮೈಗೆ ಸರಿಯಾಗಿ ಕೂತಿತು. ಹೆಬ್ಬೆರಳನ್ನು ಮರದುದ್ದಕ್ಕೂ ಸವರಿದರು. ಎಲ್ಲಿ ಕೂಡಿಸಿದ್ದು ಎಂದು ಕೇಳಿದರು. ಉಸ್ತಾದ್ ಅವರ ಬೆರಳು ಹಿಡಿದು ಎರಡು ಸಂದಿನ ಮೇಲೂ ಇಟ್ಟು ತೋರಿಸಿದರು. ಕೆಲಸ ಯಾರದೆಂದು ಮಾಲೀಕರನ್ನು ಕೇಳಿದಾಗ, ಉಸ್ತಾದ್ ನನ್ನ ಕಡೆ ಕೈಮಾಡಿ, "ಇವರದು" ಎಂದರು. ನಾನು ಅವರ ಕಡೆ ಕೈಮಾಡಿದೆ. ಮಾಲೀಕರು ನಕ್ಕು, ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡರು.

ಅದಾದ ಮೇಲೆ ಆರು ವರ್ಷ ಆ ಚಾಪೆಯ ಮೇಲೆ ಕುಳಿತೆ. ಉಸ್ತಾದರ ಕೈ ನಡುಗಲು ಶುರುವಾದಾಗ ಮಗಳು ಬಂದು ಯಾದಗಿರಿಗೆ ಕರೆದುಕೊಂಡು ಹೋದಳು. ನಾನು, ಅವ್ವ ನಾಂಪಲ್ಲಿ ಸ್ಟೇಷನ್ನಿಗೆ ಹೋಗಿದ್ದೆವು. ವಾಡಿಯವರೆಗೆ ಒಂದು ಗಾಡಿ, ಅಲ್ಲಿಂದ ಇನ್ನೊಂದು. ಅವ್ವ ದಾರಿಗೆಂದು ರೊಟ್ಟಿ ಕಟ್ಟಿದ್ದಳು. ನಾನು ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅಪ್ಪ ಹೋದ ವರ್ಷ ನೀವು ಸಿಕ್ಕದಿದ್ದರೆ ನಾನು ಏನಾಗಿರುತ್ತಿದ್ದೆನೋ ಎಂದು ಹೇಳಬೇಕೆಂದಿದ್ದೆ. ಗಾಡಿ ಹೊರಡುವ ಹೊತ್ತಿಗೆ ಮಳೆ ಜೋರಾಗಿ, ಪ್ಲಾಟ್‌ಫಾರ್ಮಿನ ತಗಡಿನ ಮೇಲೆ ಬೀಳುವ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಉಸ್ತಾದ್ ಕಿಟಕಿಯ ಸರಳಿಗೆ ಮುಖ ಒತ್ತಿ, ಕೈಯಾಡಿಸಿ ನನ್ನನ್ನು ಹತ್ತಿರ ಕರೆದರು.

"ಚಾಪಿ ಮ್ಯಾಲಿನ ಕುಂದಾಕ್ಕ ಮೂರನೇ ಕೈ ಎಣ್ಣಿ ಈಗ ಹಚ್ಚಬ್ಯಾಡ್ರಿ ಅಕ್ಕೋರ. ಗಾಳ್ಯಾಗ ತೇವ ಐತಿ. ಮಳಿ ನಿಲ್ಲಲಿ."

ಹೂಂ ಎಂದೆ. ಗಾಡಿ ಹೊರಟಿತು. ಮಳೆ ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಬಿಸಿಲು ಬಿದ್ದ ಮೇಲೆ ಅಂಗಡಿಗೆ ಹೋಗಿ, ಅಂಗೈಯಲ್ಲಿ ನಾಲ್ಕು ಹನಿ ತೆಗೆದುಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕಿದೆ.